ಹಳೇ ಮಾರುತಿ 800ಗೆ ಇಂಜಿನ್ ಕೆಲಸ: ಬರೀ ರಿಂಗ್ ಸಾಕಾ, ಪೂರ್ತಿ ಬಿಚ್ಚಿಸಬೇಕಾ, ಗುಜರಿ ಇಂಜಿನ್ ತರಬೇಕಾ?

"ಇಂಜಿನ್ ಕೆಲಸಕ್ಕೆ ಬಂದಿದೆ ಸಾರ್."

ಹಳೇ ಕಾರು ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕೇಳುವ ಮಾತು ಇದು. ಒಬ್ಬ ಮೆಕ್ಯಾನಿಕ್ "ರಿಂಗ್ ಹಾಕಿದ್ರೆ ಸಾಕು, ಹೊಗೆ ನಿಂತುಹೋಗುತ್ತೆ" ಅನ್ನುತ್ತಾರೆ (ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಉಂಗುರ). ಇನ್ನೊಬ್ಬರು ಬಾನೆಟ್ ಎತ್ತಿ ನೋಡಿ, ತಲೆ ಅಲ್ಲಾಡಿಸಿ, "ಪೂರ್ತಿ ಬಿಚ್ಚಲೇಬೇಕು" ಅನ್ನುತ್ತಾರೆ. ಮೂರನೆಯವರು "ಯಾಕೆ ಸಾರ್ ಕಷ್ಟ, ಶಿವಾಜಿನಗರದಲ್ಲಿ ಒಳ್ಳೇ ಇಂಜಿನ್ ಸಿಗುತ್ತೆ, ಎರಡು ದಿನದಲ್ಲಿ ಕೂರಿಸಿ ಕೊಡ್ತೀನಿ" ಅನ್ನುತ್ತಾರೆ. ಮನೆಗೆ ಬಂದರೆ ನಾಲ್ಕನೆಯ ಸಲಹೆ ಕಾದಿರುತ್ತದೆ: "ಇನ್ನೂ ಎಷ್ಟು ದಿನ ಅಂತ ಇದನ್ನ ಎಳೀತೀರ, ಕೊಟ್ಟುಬಿಡಿ."

ನಮ್ಮ ಮನೆಯದು 1997ರ ಮಾರುತಿ 800, ಕಾರ್ಬೊರೇಟರ್ ಗಾಡಿ. ಅಪ್ಪ ಹಾಸನದಲ್ಲಿ ತೆಗೆದುಕೊಂಡದ್ದು. ಮೂರು ವರ್ಷದ ಹಿಂದೆ ಅದರ ಇಂಜಿನ್ ಪೂರ್ತಿ ಬಿಚ್ಚಿಸಿ ಕಟ್ಟಿಸಿದೆ. ಅದಕ್ಕೂ ಮೊದಲು ಅರ್ಧಂಬರ್ಧ ಕೆಲಸ ಮಾಡಿಸಿ ದುಡ್ಡು ಕಳೆದುಕೊಂಡಿದ್ದೆ. ನಮ್ಮ ಭಾವ ಅವರ 800ಗೆ ಗುಜರಿ ಇಂಜಿನ್ ಕೂರಿಸಿದರು. ಹಾಗಾಗಿ ಮೂರು ದಾರಿಯನ್ನೂ ಹತ್ತಿರದಿಂದ ನೋಡಿದ್ದೇನೆ. ಈ ಗೊಂದಲದಲ್ಲಿ ಇರುವವರು ಆಗಾಗ ಕೇಳುತ್ತಾರೆ, ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಲೆಕ್ಕವೆಲ್ಲ 800ರದ್ದೇ ಹೇಳುತ್ತೇನೆ. 1983ರ ಡಿಸೆಂಬರ್‌ನಲ್ಲಿ ಬಂದ ಈ ಗಾಡಿಯ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ನಮ್ಮ ದೇಶದಲ್ಲೇ 26 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿದೆ. ಇದರ ಎಫ್8ಬಿ ಇಂಜಿನ್ ಮೂರು ಸಿಲಿಂಡರ್‌ನದು, 796 ಸಿಸಿ. ಬೋರ್ (ಸಿಲಿಂಡರ್‌ನ ಒಳ ಅಗಲ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 72 ಮಿ.ಮೀ. ಇದೇ ಇಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೂ ಬರುತ್ತಿತ್ತು. ಅದಕ್ಕೇ ಇವತ್ತಿಗೂ ಪಿಸ್ಟನ್, ರಿಂಗ್, ಬೇರಿಂಗ್ ತಾಲ್ಲೂಕು ಕೇಂದ್ರದ ಸ್ಪೇರ್ಸ್ ಅಂಗಡಿಯಲ್ಲೂ ಕೇಳಿದರೆ ತರಿಸಿಕೊಡುತ್ತಾರೆ. ನಿಮ್ಮದು ಮಟೀಜ್, ಓಪೆಲ್ ಥರದ, ಕಂಪನಿಯೇ ದೇಶ ಬಿಟ್ಟು ಹೋದ ಗಾಡಿಯಾದರೆ ಒಂದು ಮಾತು: ಓವರ್‌ಸೈಜ್ ಪಿಸ್ಟನ್ (ಸವೆದ ಬೋರ್ ಕೊರೆಸಿದ ಮೇಲೆ ಹಾಕುವ ದಪ್ಪ ಪಿಸ್ಟನ್) ಮತ್ತು ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಹೆಡ್, ಅಂದರೆ ವಾಲ್ವ್ ಇರುವ ಮೇಲ್ಭಾಗ, ಮತ್ತು ಬ್ಲಾಕ್ ನಡುವಿನ ಪದರ) ಕೈಗೆ ಬರುವ ತನಕ ಒಂದು ಬೋಲ್ಟ್ ಕೂಡ ಬಿಚ್ಚಿಸಬೇಡಿ. ಬಿಚ್ಚಿದ ಇಂಜಿನ್ ಗ್ಯಾರೇಜ್ ಮೂಲೆಯಲ್ಲಿ ಎರಡು ವರ್ಷ ಕೂತಿದ್ದನ್ನು ನಾನೇ ನೋಡಿದ್ದೇನೆ.

ಯಾವ ತಕ್ಕಡಿಯಲ್ಲಿ ತೂಗಬೇಕು

ದಾರಿ ಆರಿಸುವ ಮೊದಲು ಐದು ವಿಷಯ ಗೊತ್ತಿರಬೇಕು. ಸವೆದಿರುವುದು ಏನು? ಬಾಡಿ ಹೇಗಿದೆ? ಕಾಗದ ಪತ್ರ ಎಲ್ಲಿಯವರೆಗೆ ಇದೆ? ಗಾಡಿ ತಿಂಗಳಿಗೆ ಎಷ್ಟು ಓಡುತ್ತದೆ? ಮತ್ತೆ, ನಿಮ್ಮ ಊರ ಹತ್ತಿರ ಒಳ್ಳೇ ಲೇತ್ ಅಂಗಡಿ (ಇಂಜಿನ್ ಭಾಗಗಳನ್ನು ಅಳೆದು ಕೊರೆಯುವ, ಉಜ್ಜುವ ಕಡೆ) ಇದೆಯಾ? ದುಡ್ಡಿನ ಪ್ರಶ್ನೆ ಇವುಗಳ ಹಿಂದೆಯೇ ಬರುತ್ತದೆ, ಅದನ್ನು ಬೇರೆಯಾಗಿ ಕೇಳಿಕೊಳ್ಳುವುದೇ ಬೇಡ.

ಮೊದಲನೆಯದು ಮುಖ್ಯ. ಇಂಜಿನ್ ಬಿಚ್ಚದೆಯೇ ಇದನ್ನು ಮುಕ್ಕಾಲು ಪಾಲು ತಿಳಿಯಬಹುದು. ಹೊಗೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಗಟ್ಟಿಯಾಗಿದೆ ಅಂತ ಲೆಕ್ಕ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಬಂದರೂ ಹೆಡ್ ಕಡೆಯೇ ಅನುಮಾನ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ, ಪಿಕಪ್ ಇಲ್ಲ, ಆಯಿಲ್ ಮುಚ್ಚಳ ತೆಗೆದರೆ ಪುಸುಪುಸು ಅಂತ ಹೊಗೆ ಉಗುಳುತ್ತಿದೆ. ಹೀಗಿದ್ದರೆ ಬೋರ್, ರಿಂಗ್ ಸವೆದಿವೆ. ಗ್ಯಾರೇಜ್‌ನಲ್ಲಿ ಇದಕ್ಕೆ 'ಬ್ಯಾಕ್ ಕಂಪ್ರೆಶನ್' ಅನ್ನುತ್ತಾರೆ. ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಆಯಿಲ್ ಮುಚ್ಚಳದ ಒಳಗೆ ಹಾಲು ಜಾಸ್ತಿಯಾದ ಕಾಫಿಯ ಬಣ್ಣದ ಕೆನೆ ಕಂಡರೆ, ಅದು ಹೆಡ್ ಗ್ಯಾಸ್ಕೆಟ್. ಕಪ್ಪು ಹೊಗೆಯಾದರೆ ಕಾರ್ಬೊರೇಟರ್ ನೋಡಿಸಿ, ಇಂಜಿನ್ ಮುಟ್ಟಬೇಡಿ. ಕಪ್ಪು ಹೊಗೆಗೆ ಇಂಜಿನ್ ಬಿಚ್ಚಿಸಿಕೊಂಡವರೂ ಇದ್ದಾರೆ!

ಹೊಗೆ ಹೇಳಿದ್ದನ್ನು ಕಂಪ್ರೆಶನ್ ಗೇಜ್‌ನಲ್ಲಿ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಖಾತ್ರಿ ಮಾಡಿಕೊಳ್ಳಿ. ಇಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ನಮ್ಮ ಗಾಡಿಯಲ್ಲಿ ಮೊದಲನೆಯ ಸಿಲಿಂಡರ್ 140 ಪಿಎಸ್‌ಐ ತೋರಿಸಿತು, ಎರಡನೆಯದು 95, ಮೂರನೆಯದು 130. ಆಮೇಲೆ ಎರಡನೆಯದರ ಪ್ಲಗ್ ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಸೆಲ್ಫ್ ಹೊಡೆದರು. 125ಕ್ಕೆ ಏರಿತು. ಆಯಿಲ್ ಬಿಟ್ಟ ಮೇಲೆ ಏರಿದರೆ ಸೋರುತ್ತಿರುವುದು ರಿಂಗ್ ಕಡೆಯಿಂದ, ಏರದಿದ್ದರೆ ವಾಲ್ವ್ ಕಡೆಯಿಂದ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ "ಬಿಚ್ಚಿ ನೋಡೋಣ" ಅನ್ನುವ ಗ್ಯಾರೇಜ್‌ಗೆ ನಮಸ್ಕಾರ ಹೇಳಿ ಬನ್ನಿ.

ಕೆಳಗಿನ ಭಾಗದ ಸುಳಿವು ಬೇರೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಲೈಟ್ ಮಿಣುಕಿದರೆ, ಆಕ್ಸಿಲರೇಟರ್ ಕೊಟ್ಟಾಗ ಕೆಳಗಿನಿಂದ ದಪ್ಪ ದನಿಯ 'ಕಟ ಕಟ' ಕೇಳಿದರೆ ಬೇರಿಂಗ್ ಅಥವಾ ಆಯಿಲ್ ಪಂಪ್ ಹೋಗುತ್ತಿದೆ. ಆಯಿಲ್ ಮಟ್ಟ ಸರಿಯಿದ್ದೂ ಹೀಗಾದರೆ ಮುಂದಕ್ಕೆ ಹಾಕಬೇಡಿ.

ಬಾಡಿ ನೋಡಲು ಕಾರ್ಪೆಟ್ ಎತ್ತಿ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಫ್ಲೋರ್, ಬ್ಯಾಟರಿ ಕೆಳಗಿನ ತಗಡು, ಜಾಕ್ ಕೊಡುವ ಜಾಗ, ಮುಂದಿನ ಸಸ್ಪೆನ್ಶನ್ ಕೂತಿರುವ ಜಾಗ ಒತ್ತಿ ನೋಡಿ. ತುದಿ ಒಳಗೆ ಹೋದರೆ ಇಂಜಿನ್ ಮಾತು ಪಕ್ಕಕ್ಕಿಡಿ, ಮೊದಲು ಟಿಂಕರಿಂಗ್‌ನವರ ಹತ್ತಿರ ಲೆಕ್ಕ ಹಾಕಿಸಿ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಲ್ಲಿ ಇಂಜಿನ್‌ಗಿಂತ ಮೊದಲು ಫ್ಲೋರೇ ಹೋಗಿರುತ್ತದೆ.

ಇನ್ನು ಕಾಗದ. ಖಾಸಗಿ ಕಾರಿನ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಾವು ಬಾಯಿಮಾತಿಗೆ ಎಫ್‌ಸಿ ಅನ್ನುವುದು ಇದನ್ನೇ. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಜೊತೆಗೆ ಹಸಿರು ತೆರಿಗೆ. ತಡ ಮಾಡಿದರೆ ತಿಂಗಳ ಲೆಕ್ಕದಲ್ಲಿ ದಂಡ. ಬೆಂಗಳೂರಲ್ಲಿ ಹೊಗೆ ಮಿತಿಯ ಬಿಎಸ್4 ನಿಯಮ ಬಂದ 2010ರಲ್ಲೇ 800ರ ಮಾರಾಟ ನಿಂತುಹೋಯಿತು, ಹಾಗಾಗಿ ಅಲ್ಲಿ ಕೊಂಡ 800 ಎಲ್ಲವೂ 15 ವರ್ಷ ದಾಟಿದ ಸಾಲಿಗೆ ಬಂದಿವೆ. ಎಫ್‌ಸಿಗೆ ಆರು ತಿಂಗಳು ಬಾಕಿ ಇರುವಾಗ ಇಂಜಿನ್ ಕಟ್ಟಿಸಿದರೆ ಒಳ್ಳೆಯದು, ಹೊಗೆ ತಪಾಸಣೆಯೂ ಸಲೀಸು. ಐದು ವರ್ಷ ಸಿಗುತ್ತದೆ ಅಂತ ಗೊತ್ತಾದ ಮೇಲೆ ಖರ್ಚನ್ನು ಐದರಿಂದ ಭಾಗಿಸಿ ನೋಡಿ, ಹೆದರಿಕೆ ಕಡಿಮೆಯಾಗುತ್ತದೆ. ದೆಹಲಿ ಸುತ್ತಮುತ್ತ ಇರುವ ನಮ್ಮವರ ಲೆಕ್ಕ ಮಾತ್ರ ಬೇರೆ. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗೆ ಕೋರ್ಟು ಕಾನೂನಿನ ತಲೆನೋವಿದೆ, ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ಸುಮ್ನೆ ಓಡಿಸುವುದು

ಇದನ್ನು ಯಾರೂ ಹೇಳುವುದಿಲ್ಲ, ಯಾಕೆಂದರೆ ಇದರಲ್ಲಿ ಯಾರಿಗೂ ಕಾಸು ಹುಟ್ಟುವುದಿಲ್ಲ. ಗಾಡಿ ತಿಂಗಳಿಗೆ ನೂರಿನ್ನೂರು ಕಿ.ಮೀ. ಓಡುತ್ತದೆ, ಸಾವಿರ ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತದೆ, ಹೊಗೆ ತಪಾಸಣೆಯಲ್ಲಿ ಪಾಸಾಗುತ್ತದೆ, ಆಯಿಲ್ ಲೈಟ್ ಮಿಣುಕುವುದಿಲ್ಲ. ಇಷ್ಟಿದ್ದರೆ ಡಿಕ್ಕಿಯಲ್ಲಿ ಒಂದು ಲೀಟರ್ ಡಬ್ಬ ಇಟ್ಟುಕೊಂಡು ಓಡಿಸಿ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಈ ಇಂಜಿನ್ ಹಿಡಿಯುವುದೇ ಸುಮಾರು ಮೂರು ಲೀಟರ್, ಒಂದು ಲೀಟರ್ ಕಡಿಮೆಯಾದರೆ ಮೂರರಲ್ಲಿ ಒಂದು ಪಾಲು ಹೋದ ಹಾಗೆ. ನೋಡದೆ ಓಡಿಸಿದವರಿಗೆ ಮಾತ್ರ ಈ ದಾರಿ ದುಬಾರಿ.

ಹೆಡ್ ಕೆಲಸ ಮಾತ್ರ

ಗೇಜ್ ಪರೀಕ್ಷೆಯಲ್ಲಿ ಆಯಿಲ್ ಬಿಟ್ಟ ಮೇಲೂ ಕಂಪ್ರೆಶನ್ ಏರಲಿಲ್ಲ, ಅಥವಾ ಬರೀ ಸ್ಟಾರ್ಟಿಂಗ್ ಹೊಗೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರೆ ಇಂಜಿನ್ ಕೆಳಗಿಳಿಸುವ ಅಗತ್ಯವಿಲ್ಲ. ಹೆಡ್ ತೆಗೆದು ಲೇತ್‌ಗೆ ಕೊಟ್ಟು, ಬಿರುಕು ಇದೆಯಾ ಅಂತ ಪ್ರೆಷರ್ ಟೆಸ್ಟ್, ಫೇಸಿಂಗ್ (ಹೆಡ್‌ನ ಅಡಿಮೈ ಸಮತಟ್ಟು ಮಾಡುವುದು), ಗೈಡ್, ಸೀಟ್ ಕಟಿಂಗ್, ವಾಲ್ವ್ ಲ್ಯಾಪಿಂಗ್, ಹೊಸ ಸೀಲ್. ನಮ್ಮ ಕಡೆ ಎಂಟರಿಂದ ಹನ್ನೆರಡು ಸಾವಿರದೊಳಗೆ ಮುಗಿಯುತ್ತದೆ, ಮೂರು ನಾಲ್ಕು ದಿನ. ಹೆಡ್ ಅಲ್ಯೂಮಿನಿಯಂ, ಒಂದು ಸಲ ನೀರಿಲ್ಲದೆ ಕಾದರೆ ಸೊಟ್ಟಗಾಗುತ್ತದೆ. ಫೇಸಿಂಗ್‌ನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಕೆರೆಸಬೇಡಿ, ಕಂಪ್ರೆಶನ್ ಏರಿ ಇಂಜಿನ್ ಕುಟ್ಟಲು ಶುರುಮಾಡುತ್ತದೆ.

ಇದರ ಒಂದು ಮುಳ್ಳು ಗೊತ್ತಿರಲಿ. ಬೋರ್ ಅರ್ಧ ಸವೆದ ಇಂಜಿನ್‌ಗೆ ಹೊಸ ಹೆಡ್ ಕೆಲಸ ಮಾಡಿಸಿದರೆ ಮೇಲಿನ ಸೋರಿಕೆ ನಿಂತು ಕೆಳಗಿನ ಒತ್ತಡ ಜಾಸ್ತಿಯಾಗುತ್ತದೆ. ಆರು ತಿಂಗಳಲ್ಲಿ ಆಯಿಲ್ ಕುಡಿಯುವುದು ಶುರುವಾಗಬಹುದು. ಆಗ ಮೆಕ್ಯಾನಿಕ್ ಮೇಲೆ ಕೂಗಾಡಿ ಪ್ರಯೋಜನವಿಲ್ಲ, ಅವರು ಹಾಳು ಮಾಡಿದ್ದಲ್ಲ ಅದು.

ಬರೀ ರಿಂಗ್

ನಾನು ಕಾಸು ಕಳೆದುಕೊಂಡದ್ದು ಇಲ್ಲಿ. "ಹಳೇ ಪಿಸ್ಟನ್ ಚೆನ್ನಾಗಿವೆ ಸಾರ್, ಸ್ಟ್ಯಾಂಡರ್ಡ್ ರಿಂಗ್ ಹಾಕಿ ಬೇರಿಂಗ್ ಬದಲಾಯಿಸಿದರೆ ಹೊಸ ಗಾಡಿ ಥರ" ಅಂದರು. ಹದಿನಾಲ್ಕು ಸಾವಿರ ಆಯಿತು. ಎರಡು ತಿಂಗಳು ಸೊಗಸಾಗಿ ಓಡಿತು. ನಾಲ್ಕನೆಯ ತಿಂಗಳಿಗೆ ಮತ್ತೆ ಅದೇ ನೀಲಿ ಹೊಗೆ.

ಯಾಕೆ ಹೀಗೆ ಅಂತ ಆಮೇಲೆ ಲೇತ್‌ನವರು ತೋರಿಸಿದರು. ಸಿಲಿಂಡರ್ ಒಳಗೆ ಕೈ ಹಾಕಿ, ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ ಅಂದರು. ಮೇಲಿನ ಅಂಚಿಗೆ ಐದಾರು ಮಿ.ಮೀ. ಇರುವಾಗ ಉಗುರು ಟಕ್ ಅಂತ ಸಿಕ್ಕಿಕೊಂಡಿತು. ರಿಂಗ್ ಓಡಾಡುವ ಜಾಗವೆಲ್ಲ ಸವೆದು, ಓಡಾಡದ ಮೇಲಿನ ಪಟ್ಟಿ ಹಾಗೇ ಉಳಿದು, ಮೆಟ್ಟಿಲು ಬಿದ್ದಿರುತ್ತದೆ. ಬೋರ್ ದುಂಡಗಿರುವುದೂ ಇಲ್ಲ. ಪಿಸ್ಟನ್ ತಳ್ಳುವ ಪಕ್ಕ ಜಾಸ್ತಿ ಸವೆದು ಮೊಟ್ಟೆಯಾಕಾರ ಆಗಿರುತ್ತದೆ. ಹೊಸ ರಿಂಗ್ ದುಂಡಗೆ ಬರುತ್ತದೆ. ದುಂಡಗಿನ ರಿಂಗ್ ಮೊಟ್ಟೆಯಾಕಾರದ ಬೋರ್‌ನಲ್ಲಿ ಎಷ್ಟು ದಿನ ಕೂತೀತು? ಮೆಟ್ಟಿಲಿಗೆ ತಗುಲಿ ಮೇಲಿನ ರಿಂಗ್ ಮುರಿಯುವುದೂ ಉಂಟು.

ರಿಂಗ್ ಕೆಲಸ ತಪ್ಪೇ ಅಂತಲ್ಲ. ಬೋರ್ ಅಳತೆ ಮಾಡಿ, ಸವೆತ ಮಿತಿಯೊಳಗೆ ಇದ್ದು, ಮೆಟ್ಟಿಲು ಉಗುರಿಗೆ ಸಿಗದಿದ್ದರೆ, ಹೋನಿಂಗ್ ಹೊಡೆಸಿ (ಬೋರ್ ಒಳಮೈಯನ್ನು ಸಣ್ಣಗೆ ಉಜ್ಜಿಸಿ) ರಿಂಗ್ ಹಾಕಬಹುದು. ವರ್ಷಗಟ್ಟಲೆ ನಿಂತು ರಿಂಗ್ ಅಂಟಿಕೊಂಡ ಗಾಡಿಗಳಿಗೆ ಇದು ಸರಿ. ಅಳತೆ ಇಲ್ಲದೆ ಮಾಡಿದರೆ ಜೂಜು. ನನ್ನ ಅಭಿಪ್ರಾಯ ಕೇಳಿದರೆ, ಎರಡು ಲಕ್ಷ ಕಿ.ಮೀ. ದಾಟಿದ ಇಂಜಿನ್‌ಗೆ ಬರೀ ರಿಂಗ್ ಹಾಕಿಸುವ ದುಡ್ಡಿನಲ್ಲಿ ಮೂರು ವರ್ಷ ಆಯಿಲ್ ಸುರಿದುಕೊಂಡೇ ಓಡಿಸಬಹುದು.

ಪೂರ್ತಿ ಬಿಚ್ಚಿ ಕಟ್ಟಿಸುವುದು

ಇಲ್ಲಿ ಕೆಲಸ ಎರಡು ಕಡೆ ನಡೆಯುತ್ತದೆ. ಬಿಚ್ಚುವುದು, ಕಟ್ಟುವುದು ಗ್ಯಾರೇಜ್‌ನಲ್ಲಿ. ಬೋರಿಂಗ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್, ಹೆಡ್ ಕೆಲಸ ಲೇತ್ ಅಂಗಡಿಯಲ್ಲಿ. ಎಲ್ಲರೂ ಗ್ಯಾರೇಜ್ ಆರಿಸಲು ತಲೆ ಕೆಡಿಸಿಕೊಳ್ಳುತ್ತಾರೆ. ಇಂಜಿನ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮಾತ್ರ ಲೇತ್‌ನವರ ಕೈಯಲ್ಲಿದೆ. ನಾನು ಹಾಸನದ ಗ್ಯಾರೇಜ್‌ನಲ್ಲೇ ಬಿಚ್ಚಿಸಿ, ಬ್ಲಾಕು ಮತ್ತು ಕ್ರ್ಯಾಂಕನ್ನು ಬೇರೆ ಊರಿನ ಲೇತ್‌ಗೆ ನಾನೇ ಹೊತ್ತುಕೊಂಡು ಹೋದೆ. ಬೀಡು ಕಬ್ಬಿಣದ ಬ್ಲಾಕು, ಸೊಂಟ ಹಿಡಿಯಿತು. ಆದರೂ ಹೋಗಿದ್ದು ಒಳ್ಳೆಯದಾಯಿತು.

ಅಲ್ಲಿನ ಹಿರಿಯರು ಬೋರ್ ಗೇಜ್ ಹಾಕಿ ಪ್ರತಿ ಸಿಲಿಂಡರ್‌ಗೆ ಮೇಲೆ, ಮಧ್ಯ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ಬ್ಲಾಕ್ ಮೇಲೇ ಬರೆದರು. ಎರಡನೆಯ ಸಿಲಿಂಡರ್ ಮೇಲ್ಗಡೆ 0.14 ಮಿ.ಮೀ. ಸವೆದಿತ್ತು. ನಾನು 0.25 ಓವರ್‌ಸೈಜ್ ಸಾಕಲ್ವಾ ಅಂದೆ. "ಸವೆತ ಎಲ್ಲ ಒಂದೇ ಮಗ್ಗುಲಿಗೆ ಇದೆ. ನಡು ತಪ್ಪದೆ ಬೋರ್ ಹೊಡೀಬೇಕು ಅಂದ್ರೆ 0.25ರಲ್ಲಿ ಕಲೆ ಉಳಿಯುತ್ತೆ. 0.50 ತಗೊಂಡು ಬನ್ನಿ" ಅಂದರು. ಅಂದರೆ 68.5 ಇದ್ದ ಬೋರ್ 69 ಮಿ.ಮೀ. ಆಯಿತು.

ಪಿಸ್ಟನ್ ಮೊದಲು ತರಬೇಕು, ಬೋರಿಂಗ್ ಆಮೇಲೆ. ಒಂದೊಂದು ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಸಂದು ಬಿಟ್ಟು, ಆ ಸಿಲಿಂಡರ್‌ಗೆ ಬೋರ್ ಹೊಡೆಯುತ್ತಾರೆ. "ಬೋರ್ ಹೊಡೆದಿಟ್ಟಿರುತ್ತೇವೆ, ಪಿಸ್ಟನ್ ಆಮೇಲೆ ತನ್ನಿ" ಅನ್ನುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ಬ್ರ್ಯಾಂಡ್ ವಿಷಯದಲ್ಲಿ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಗೋಯೆಟ್ಜ್, ಉಷಾ, ಐಪಿ ಮೂರೂ ಹೆಸರು ಉಳಿಸಿಕೊಂಡ ಕಂಪನಿಗಳೇ. ಗೋಯೆಟ್ಜ್ ಕಾರ್ಖಾನೆ ನಮ್ಮ ಯಲಹಂಕದಲ್ಲೇ ಇತ್ತು ಅನ್ನುವ ಅಭಿಮಾನಕ್ಕೆ ನಾನು ಅದನ್ನೇ ತಂದೆ. ನಕಲಿ ಮಾಲಿನ ಭಯ ಇದ್ದೇ ಇದೆ. ಬೆಂಗಳೂರಿನ ಜೆಸಿ ರಸ್ತೆಯಲ್ಲಿ ತಂದರೂ ಬಿಲ್ ಹಾಕುವ ಅಂಗಡಿಯಲ್ಲೇ ತನ್ನಿ.

ಕ್ರ್ಯಾಂಕ್ ಅಳೆಸದೆ ಬೇರಿಂಗ್ ತರಬೇಡಿ. ಹಳೇ ಬೇರಿಂಗ್ ಶೆಲ್ ನೋಡಿದರೇ ಕಥೆ ಗೊತ್ತಾಗುತ್ತದೆ: ಮೇಲಿನ ಬೂದು ಪದರ ಹೋಗಿ ತಾಮ್ರದ ಬಣ್ಣ ಕಂಡಿದ್ದರೆ ಜರ್ನಲ್ (ಬೇರಿಂಗ್ ಕೂರುವ ಕ್ರ್ಯಾಂಕ್‌ನ ಭಾಗ) ಕೂಡ ಸವೆದಿರುವ ಅನುಮಾನ. ಗ್ರೈಂಡಿಂಗ್ ಮಾಡಿಸಿದರೆ 0.25 ಅಂಡರ್‌ಸೈಜ್ ಬೇರಿಂಗ್ ಬೇಕು. ಗ್ರೈಂಡಿಂಗ್ ಆದ ಮೇಲೆ ಕ್ರ್ಯಾಂಕ್‌ನ ಆಯಿಲ್ ತೂತುಗಳಿಗೆ ಗಾಳಿ ಹೊಡೆದು, ತಂತಿ ಹಾಕಿ, ಸೀಮೆಎಣ್ಣೆ ಬಿಟ್ಟು ತೊಳೆಯಬೇಕು. ಒಳಗೆ ಉಳಿದ ಗ್ರೈಂಡಿಂಗ್ ಪುಡಿ ಮೊದಲ ದಿನವೇ ಹೊಸ ಬೇರಿಂಗ್ ತಿನ್ನುತ್ತದೆ. ಕಟ್ಟುವ ದಿನ ನೀವು ಅಲ್ಲಿರಿ. ರಿಂಗನ್ನು ಬೋರ್ ಒಳಗೆ ಇಳಿಸಿ ಫೀಲರ್ ಗೇಜ್‌ನಲ್ಲಿ ತುದಿಗಳ ಸಂದು ನೋಡುತ್ತಾರಾ, ಹೆಡ್ ಬೋಲ್ಟನ್ನು ಟಾರ್ಕ್ ರೆಂಚ್‌ನಲ್ಲಿ ನಡುವಿನಿಂದ ಹೊರಕ್ಕೆ ಬಿಗಿಯುತ್ತಾರಾ, ಗಮನಿಸಿ. "ಕೈ ಅಂದಾಜೇ ಟಾರ್ಕ್ ಸಾರ್" ಅಂದರೆ ನಗಬೇಡಿ, ರೆಂಚ್ ತರಿಸಿ.

ಖರ್ಚಿಗೆ ಬರೋಣ. ನನಗೆ ಒಟ್ಟು ಸುಮಾರು 38 ಸಾವಿರ ಆಯಿತು. ಅದರಲ್ಲಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಸೇರಿ ಹನ್ನೊಂದು ಸಾವಿರ, ಲೇತ್ ಎಂಟೂವರೆ, ಕೂಲಿ ಒಂಬತ್ತು. ಉಳಿದದ್ದು 'ಹೇಗೂ ಬಿಚ್ಚಿದ್ದೀವಲ್ಲ' ಖಾತೆಗೆ: ಆಯಿಲ್ ಪಂಪ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್ ಮತ್ತು ಟೆನ್ಶನರ್, ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್, ಇಂಜಿನ್ ಮೌಂಟಿಂಗ್, ರೇಡಿಯೇಟರ್ ಕ್ಲೀನಿಂಗ್, ಬ್ಲಾಕ್‌ನ ಡಮ್ಮಿ ಪ್ಲಗ್. ಊರಿಂದ ಊರಿಗೆ ಇದು ಹೆಚ್ಚು ಕಡಿಮೆಯಾಗುತ್ತದೆ. ಯಾರಾದರೂ ಹದಿನೆಂಟು ಸಾವಿರಕ್ಕೆ ಪೂರ್ತಿ ಕಟ್ಟಿಕೊಡುತ್ತೇನೆ ಅಂದರೆ ಈ ಕೊನೆಯ ಪಟ್ಟಿ ಬಿಟ್ಟಿದ್ದಾರೆ ಅಂತ ತಿಳಿಯಿರಿ. ಹೊಸ ಪಿಸ್ಟನ್ ಇರುವ ಇಂಜಿನ್‌ನಲ್ಲಿ ಹಳೇ ವಾಟರ್ ಪಂಪ್ ಸೋರಿ ಹೀಟ್ ಆದರೆ ಎಲ್ಲ ದುಡ್ಡು ನೀರಿಗೆ. ಬಜೆಟ್ ಬಿಗಿಯಿದ್ದರೆ ಕ್ಲಚ್, ಮೌಂಟಿಂಗ್ ಬಿಡಿ. ಆಯಿಲ್ ಪಂಪ್, ವಾಟರ್ ಪಂಪ್, ಬೆಲ್ಟ್, ರೇಡಿಯೇಟರ್ ಬಿಡಬೇಡಿ.

ಇನ್ನೊಂದು, ಈಗಿನ ಕಾಲದ್ದು. ಬಂಕ್‌ನಲ್ಲಿ ಈಗ ಸಿಗುವ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. 90ರ ದಶಕದ ಗಾಡಿಯ ರಬ್ಬರ್ ಪೈಪು, ಪೆಟ್ರೋಲ್ ಪಂಪ್‌ನ ಡಯಾಫ್ರಂ, ಕಾರ್ಬೊರೇಟರ್ ಗ್ಯಾಸ್ಕೆಟ್ ಇದಕ್ಕೆ ಅಂತ ಮಾಡಿದವಲ್ಲ. ಇಂಜಿನ್ ಕೆಳಗಿರುವಾಗಲೇ ಪೈಪುಗಳನ್ನು ಬದಲಾಯಿಸಿ, ಕಾರ್ಬೊರೇಟರ್‌ಗೆ ಹೊಸ ಕಿಟ್ ಹಾಕಿಸಿ. ಬಿರುಕು ಬಿಟ್ಟ ಪೈಪಿನ ಕೆಳಗೆ ಬಿಸಿ ಇಂಜಿನ್, ಯೋಚನೆ ಮಾಡಿದರೇ ಮೈ ಜುಂ ಅನ್ನುತ್ತದೆ.

ಸಮಯ? ಅವರು ಹೇಳುವುದು ಒಂದು ವಾರ. ನನಗೆ ಹತ್ತೊಂಬತ್ತು ದಿನ ಆಯಿತು. ದಿನಾ ಕೆಲಸಕ್ಕೆ ಅದೇ ಗಾಡಿಯಲ್ಲಿ ಹೋಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ದಾರಿ ಯಾರಿಗೆ? ಬಾಡಿ ಗಟ್ಟಿಯಿದೆ, ಕನಿಷ್ಠ ಐದು ವರ್ಷ ಇಟ್ಟುಕೊಳ್ಳುತ್ತೀರಿ, ಒಳ್ಳೇ ಲೇತ್ ಸಿಗುತ್ತದೆ ಅನ್ನುವವರಿಗೆ. ಮಾರುವ ಯೋಚನೆ ಇದ್ದರೆ ಬೇಡವೇ ಬೇಡ. ಹಳೇ 800 ಕೊಳ್ಳುವವರು ಇಂಜಿನ್ ಬಿಲ್ ನೋಡಿ "ಓಹೋ" ಅನ್ನುತ್ತಾರೆ, ಅದಕ್ಕೆ ಅಂತ ಕೈ ಬಿಚ್ಚುವುದಿಲ್ಲ.

ಗುಜರಿ ಇಂಜಿನ್

ಅಪಘಾತವಾದ ಅಥವಾ ತುಕ್ಕು ಹಿಡಿದು ಗುಜರಿಗೆ ಹೋದ ಗಾಡಿಯ ಇಂಜಿನ್ ತಂದು ಕೂರಿಸುವುದು. ಹೆಡ್, ಗೇರ್‌ಬಾಕ್ಸ್ ಎಲ್ಲ ಇದ್ದರೆ ಫುಲ್ ಇಂಜಿನ್, ಬ್ಲಾಕು, ಕ್ರ್ಯಾಂಕು, ಪಿಸ್ಟನ್ ಮಾತ್ರ ಇದ್ದರೆ ಹಾಫ್ ಇಂಜಿನ್. ಕೂರಿಸುವ ಕೂಲಿ ಸೇರಿ ಹದಿನೈದರಿಂದ ಇಪ್ಪತ್ತೈದು ಸಾವಿರದೊಳಗೆ, ಎರಡು ಮೂರು ದಿನದಲ್ಲಿ ಗಾಡಿ ರಸ್ತೆಗೆ. ದುಡ್ಡು, ಸಮಯ ಎರಡರಲ್ಲೂ ಇದೇ ಗೆಲ್ಲುತ್ತದೆ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕನೆಕ್ಟಿಂಗ್ ರಾಡ್ ಮುರಿದು ಹೊರಗೆ ಬಂದಿದ್ದರೆ ಬೇರೆ ದಾರಿಯೂ ಇಲ್ಲ.

ಒಳಗೆ ಏನಿದೆ ಅಂತ ಮಾತ್ರ ದೇವರಿಗೇ ಗೊತ್ತು. ಭಾವನ ಇಂಜಿನ್‌ಗೆ ಹೊರಗಿನಿಂದ ಬೆಳ್ಳಿ ಬಣ್ಣ ಹೊಡೆದು ಮದುಮಗನ ಥರ ನಿಲ್ಲಿಸಿದ್ದರು. ಕೂರಿಸಿದ ಮೇಲೆ ಹಳೆಯದಕ್ಕಿಂತ ಜಾಸ್ತಿ ಆಯಿಲ್ ಕುಡಿಯಿತು. ಆದ್ದರಿಂದ ಗುಜರಿಯಲ್ಲೇ ಗಾಡಿಯಲ್ಲಿ ಕೂತಿರುವ, ಸ್ಟಾರ್ಟ್ ಮಾಡಿ ತೋರಿಸಬಲ್ಲ ಇಂಜಿನ್ ಹುಡುಕಿ. ಕಂಪ್ರೆಶನ್ ಗೇಜ್ ಜೊತೆಗಿಟ್ಟುಕೊಂಡು ಹೋಗಿ. ಬಿಚ್ಚಿಟ್ಟ ಇಂಜಿನ್ ಆದರೆ ಪುಲ್ಲಿ ಕೈಯಲ್ಲಿ ತಿರುಗಿಸಿ ನೋಡಿ, ಸಂಪ್ (ಇಂಜಿನ್ ಅಡಿಯ ಆಯಿಲ್ ತಟ್ಟೆ) ತೆಗೆಸಿ ಒಂದು ಬೇರಿಂಗ್ ಕ್ಯಾಪ್ ಬಿಚ್ಚಿಸಿ ನೋಡಿ. ಅದಕ್ಕೆ ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಓಮ್ನಿ ಇಂಜಿನ್ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡುವವರಿಗೆ ಒಂದು ಎಚ್ಚರಿಕೆ: ಓಮ್ನಿಯಲ್ಲಿ ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, 800ರಲ್ಲಿ ಅಡ್ಡಕ್ಕೆ ಕೂತು ಮುಂದಿನ ಚಕ್ರ. ಒಳಗಿನ ಸಾಮಾನು ಬಹುಪಾಲು ಒಂದೇ ಆದರೂ ಇಡೀ ಇಂಜಿನ್ ಹಾಗೇ ಕೂರುವುದಿಲ್ಲ. ಆಲ್ಟೊ 800 ಸಿಸಿ ಅಂತ ಕೊಡುವುದು ಇನ್ನೂ ಬೇರೆ, ಅದು ಎಫ್8ಡಿ, 12 ವಾಲ್ವ್‌ನದು.

ಕಾಗದದ ತೊಡಕು ಇದಕ್ಕಿಂತ ದೊಡ್ಡದು. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ. ಬೇರೆ ಇಂಜಿನ್ ಕೂರಿಸಿದರೆ ಆರ್‌ಟಿಒ ಒಪ್ಪಿಗೆ ತೆಗೆದುಕೊಂಡು ಆರ್‌ಸಿಯಲ್ಲಿ ಹೊಸ ನಂಬರ್ ಹತ್ತಿಸಬೇಕು. ಅದಕ್ಕೆ ಆ ಇಂಜಿನ್ ಎಲ್ಲಿಂದ ಬಂತು ಅನ್ನುವ ದಾಖಲೆ ಬೇಕು. ಗುಜರಿಯವರು "ಅದೆಲ್ಲ ಯಾರು ನೋಡ್ತಾರೆ ಸಾರ್" ಅನ್ನುತ್ತಾರೆ. ಎಫ್‌ಸಿ ದಿನ ನೋಡುತ್ತಾರೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ನೋಡುತ್ತಾರೆ. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಪೊಲೀಸರು ನೋಡುತ್ತಾರೆ. ಬಿಲ್ಲು, ಹಳೇ ಗಾಡಿಯ ಆರ್‌ಸಿ ಪ್ರತಿ ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬಿಡಿ. ನಿಮ್ಮ ಹಳೇ ಬ್ಲಾಕ್ ಚೆನ್ನಾಗಿದ್ದರೆ ಗುಜರಿಯಿಂದ ಕ್ರ್ಯಾಂಕ್ ಅಥವಾ ಹೆಡ್ ಮಾತ್ರ ತಂದು ನಿಮ್ಮದೇ ಬ್ಲಾಕ್‌ಗೆ ಹಾಕಿಸಬಹುದು. ನಂಬರ್ ಬ್ಲಾಕ್ ಮೇಲೆ ಇರುವುದರಿಂದ ಕಾಗದದ ತಕರಾರೂ ಇಲ್ಲ.

ಕೊಟ್ಟುಬಿಡುವುದು

ಫ್ಲೋರ್ ಹೋಗಿದೆ, ಎಫ್‌ಸಿ ಮುಗಿದು ವರ್ಷವಾಗಿದೆ, ಇಂಜಿನ್ ಕೂಡ ಕೈಕೊಟ್ಟಿದೆ. ಮೂರೂ ಸೇರಿದರೆ ಹಠ ಬೇಡ. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ಆಫ್ ಡೆಪಾಸಿಟ್ (ಗಾಡಿ ಒಪ್ಪಿಸಿದ್ದಕ್ಕೆ ದಾಖಲೆ) ತೆಗೆದುಕೊಳ್ಳಿ, ಆರ್‌ಸಿ ರದ್ದು ಮಾಡಿಸಿ. ಬೀದಿ ಗುಜರಿಗೆ ಕೊಟ್ಟರೆ ನಾಲ್ಕು ಕಾಸು ಜಾಸ್ತಿ ಸಿಗಬಹುದು. ಆದರೆ ನಿಮ್ಮ ಹೆಸರಿನ ಗಾಡಿ ಯಾವ ಊರಲ್ಲಿ ಯಾರ ಕೈಯಲ್ಲಿ ಓಡುತ್ತದೋ ಗೊತ್ತಾಗುವುದಿಲ್ಲ.

ಕಟ್ಟಿಸಿದ ಮೇಲೆ

ಪೂರ್ತಿ ಕೆಲಸ ಮಾಡಿಸುವವರಿಗೆ ಇದು. ಮೊದಲ ಐನೂರು ಕಿ.ಮೀ. ಒಂದೇ ವೇಗದಲ್ಲಿ ಓಡಿಸಬೇಡಿ, ಐಡ್ಲಿಂಗ್‌ನಲ್ಲಿ ತುಂಬಾ ಹೊತ್ತು ನಿಲ್ಲಿಸಬೇಡಿ. ಏರಿಸಿ, ಇಳಿಸಿ, ಮತ್ತೆ ಏರಿಸಿ. ರಿಂಗ್ ಬೋರ್‌ಗೆ ಕೂರಲು ಒತ್ತಡ ಬೇಕು. ತುಂಬಾ ಮೆತ್ತಗೆ ಓಡಿಸಿದರೂ ಕೂರುವುದಿಲ್ಲ. ಸಿಂಥೆಟಿಕ್ ಆಯಿಲ್ ಈಗ ಬೇಡ, ಸಾದಾ ಮಿನರಲ್ ಆಯಿಲ್ ಹಾಕಿ. ಐನೂರಕ್ಕೆ ಆಯಿಲ್, ಫಿಲ್ಟರ್ ಬದಲಾಯಿಸಿ. ಆ ಆಯಿಲನ್ನು ಬಿಳಿ ಬಟ್ಟಲಿಗೆ ಸುರಿದು ಬಿಸಿಲಿಗೆ ಹಿಡಿದು ನೋಡಿ. ಹಿಟ್ಟಿನಂಥ ಸಣ್ಣ ಮಿನುಗು ಇದ್ದರೆ ಮಾಮೂಲಿ. ಉಗುರಿನಲ್ಲಿ ಎತ್ತಬಹುದಾದ ಚೂರು ಸಿಕ್ಕಿದರೆ ಗಾಡಿ ನಿಲ್ಲಿಸಿ ಫೋನ್ ಮಾಡಿ. ಆವತ್ತೇ ಟ್ಯಾಪೆಟ್ (ವಾಲ್ವ್ ಸಂದು) ಕೂಡ ನೋಡಿಸಿ.

ಹಳೇ ಪಿಸ್ಟನ್, ಬೇರಿಂಗ್, ಆಯಿಲ್ ಪಂಪ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ತನ್ನಿ, ಮೊದಲೇ ಹೇಳಿಟ್ಟಿರಿ. ಬದಲಾಯಿಸಿದ್ದಾರಾ ಇಲ್ಲವಾ ಅನ್ನುವುದಕ್ಕೆ ಬಿಲ್‌ಗಿಂತ ಈ ಚೀಲ ಖಾತ್ರಿ. ನಮ್ಮ ಎರಡನೆಯ ಸಿಲಿಂಡರ್‌ನ ಪಿಸ್ಟನ್ ಈಗ ಅಪ್ಪನ ಮೇಜಿನ ಮೇಲಿದೆ, ಕರೆಂಟ್ ಬಿಲ್ ಹಾರದ ಹಾಗೆ.